ಬಡ್ಡಿಗಿಂತ ಮೊದಲು ಕಾಗದ: ಆರ್.ಎಚ್. ಕ್ಯಾಂಪ್‌ನ ಮಕ್ಕಳು ಮತ್ತು ಶಿಕ್ಷಣ ಸಾಲ

ಸಿಂಧನೂರು ತಾಲ್ಲೂಕಿನಲ್ಲಿ ‘ಕ್ಯಾಂಪ್’ ಎಂಬ ಮಾತಿಗೆ ಎರಡು ಅರ್ಥಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದಿಂದ ಬಂದು, ಜಮೀನು ಕೊಂಡು, ಭತ್ತ ಬೆಳೆಯತೊಡಗಿದ ರೈತರ ಊರುಗಳು ಒಂದು ಬಗೆಯ ಕ್ಯಾಂಪ್‌ಗಳು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರವೇ ಕರೆತಂದು ನೆಲೆಗೊಳಿಸಿದ ಊರುಗಳು ಇನ್ನೊಂದು ಬಗೆಯವು. ಪುನರ್ವಸತಿ ಎಂಬ ಅರ್ಥದ ಇಂಗ್ಲಿಷ್ ಪದದ ಎರಡು ಅಕ್ಷರಗಳನ್ನೇ ಹೆಸರಾಗಿ ಹೊತ್ತ ಆರ್.ಎಚ್. ಕ್ಯಾಂಪ್‌ಗಳು ಈ ಎರಡನೆಯ ಗುಂಪಿಗೆ ಸೇರಿವೆ. ಮೊದಲನೆಯವರು ಬಂಡವಾಳದೊಂದಿಗೆ ಬಂದರು. ಎರಡನೆಯವರ ಕೈಯಲ್ಲಿದ್ದದ್ದು ನಿರಾಶ್ರಿತರ ಶಿಬಿರದ ಒಂದು ಚೀಟಿ ಮಾತ್ರ.

ಅರ್ಧ ಶತಮಾನದ ನಂತರ ಈ ವ್ಯತ್ಯಾಸ ಗದ್ದೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದು ಎದ್ದು ಕಾಣುವುದು ದ್ವಿತೀಯ ಪಿಯುಸಿ ಮುಗಿಸಿದ ಹುಡುಗ ಅಥವಾ ಹುಡುಗಿ ಎಂಜಿನಿಯರಿಂಗ್, ನರ್ಸಿಂಗ್ ಅಥವಾ ಕೃಷಿ ಪದವಿಗೆ ಸೇರಲು ಹಣ ಹೊಂದಿಸಲು ಹೊರಟಾಗ. ಶಿಕ್ಷಣ ಸಾಲದ ಚರ್ಚೆಯಲ್ಲಿ ಸಾಮಾನ್ಯವಾಗಿ ಬಡ್ಡಿ ದರ, ಸಾಲದ ಮಿತಿ, ಮರುಪಾವತಿಯ ಅವಧಿಗಳೇ ಮುಂದೆ ಬರುತ್ತವೆ. ಆದರೆ ಬಡ ಕುಟುಂಬದ ವಿದ್ಯಾರ್ಥಿ ಬಡ್ಡಿಯ ಲೆಕ್ಕ ತಲುಪುವ ಮೊದಲೇ ಹಲವು ಕಾಗದಗಳ ಬಾಗಿಲು ದಾಟಬೇಕಾಗುತ್ತದೆ. ಯಾರು ಪೌರ, ಯಾವ ಜಾತಿ, ಜಮೀನು ಯಾರ ಹೆಸರಿನಲ್ಲಿದೆ, ತಂದೆಯ ಹಳೆಯ ಸಾಲ ತೀರಿದೆಯೇ, ಸೇರಲಿರುವ ಕಾಲೇಜು ಯಾವ ಪಟ್ಟಿಯಲ್ಲಿದೆ ಎಂಬ ಪ್ರಶ್ನೆಗಳು ಅಲ್ಲಿ ಕಾದಿರುತ್ತವೆ. ಇವೆಲ್ಲವೂ ಒಟ್ಟಿಗೆ ಎದುರಾಗುವ ಊರು ರಾಜ್ಯದಲ್ಲಿ ಇದ್ದರೆ ಅದು ಆರ್.ಎಚ್. ಕ್ಯಾಂಪ್.

ವಿದ್ಯಾರ್ಥಿವೇತನದಿಂದ ಸಾಲದೆಡೆಗೆ

ಭಾರತದಲ್ಲಿ ಓದಿಗೆ ಸಾಲ ನೀಡುವ ಪದ್ಧತಿ ಹೊಸದಲ್ಲ. 1963ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯನ್ನು ಜಾರಿಗೆ ತಂದಿತು. ಪ್ರತಿಭೆಯಿದ್ದೂ ಹಣವಿಲ್ಲದವರಿಗೆ ಬಡ್ಡಿಯಿಲ್ಲದ ಸಾಲ, ಕೆಲಸ ಸಿಕ್ಕ ಮೇಲೆ ಮರುಪಾವತಿ ಎಂಬುದು ಅದರ ತಿರುಳು. ಹೆಸರಿನಲ್ಲಿ ‘ವಿದ್ಯಾರ್ಥಿವೇತನ’ ಇದ್ದುದರಿಂದಲೋ ಏನೋ, ಹಿಂತಿರುಗಿ ಬಂದ ಹಣ ತೀರಾ ಕಡಿಮೆ. ಕೊನೆಗೆ ಯೋಜನೆಯೇ ನಿಂತುಹೋಯಿತು.

ಇಂದಿನ ವ್ಯವಸ್ಥೆಯ ಬುನಾದಿ 2001ರದ್ದು. ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷ ಆರ್.ಜೆ. ಕಾಮತ್ ನೇತೃತ್ವದ ಅಧ್ಯಯನ ತಂಡದ ಶಿಫಾರಸಿನ ಮೇಲೆ ಭಾರತೀಯ ಬ್ಯಾಂಕುಗಳ ಸಂಘ ಮಾದರಿ ಶಿಕ್ಷಣ ಸಾಲ ಯೋಜನೆಯನ್ನು ರೂಪಿಸಿತು. ಕೆನರಾ ಬ್ಯಾಂಕಿನ ಸ್ಥಾಪಕ ಅಮ್ಮೆಂಬಳ ಸುಬ್ಬರಾವ್ ಪೈ ಬ್ಯಾಂಕ್ ಕಟ್ಟುವ ಮುನ್ನವೇ, 1891ರಲ್ಲಿ, ಮಂಗಳೂರಿನಲ್ಲಿ ಕೆನರಾ ಹೈಸ್ಕೂಲ್ ಆರಂಭಿಸಿದವರಲ್ಲಿ ಒಬ್ಬರು ಎಂಬುದನ್ನು ಇಲ್ಲಿ ನೆನೆಯಬಹುದು. ಕರಾವಳಿಯಲ್ಲಿ ಶಾಲೆ ಮತ್ತು ಬ್ಯಾಂಕ್ ಒಂದೇ ಅಂಗಳದಲ್ಲಿ ಬೆಳೆದವು. ರಾಯಚೂರು ಜಿಲ್ಲೆಗೆ ಅಂತಹ ಅದೃಷ್ಟ ಒದಗಲಿಲ್ಲ.

ಮಾದರಿ ಯೋಜನೆಯ ನಿಯಮಗಳು ಕಾಗದದ ಮೇಲೆ ಉದಾರವಾಗಿವೆ. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಡ, ಕೈಯಿಂದ ಪಾಲು ಹಾಕುವುದೂ ಬೇಡ. ಶುಲ್ಕವಷ್ಟೇ ಅಲ್ಲದೆ ಹಾಸ್ಟೆಲ್, ಪುಸ್ತಕ, ಉಪಕರಣಗಳ ವೆಚ್ಚವನ್ನೂ ಸಾಲದಲ್ಲಿ ಸೇರಿಸಬಹುದು. ಕೋರ್ಸ್ ನಡೆಯುವಾಗ ಮತ್ತು ಅದರ ನಂತರದ ಕೆಲ ಕಾಲ ಕಂತು ಕಟ್ಟಬೇಕಾಗಿಲ್ಲ. ಮೇಲಧಿಕಾರಿಯ ಒಪ್ಪಿಗೆಯಿಲ್ಲದೆ ಶಾಖೆಯು ಯಾವುದೇ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. ಆದರೆ ಪಟ್ಟಿಯ ಮೊದಲ ಸಾಲಿನಲ್ಲೇ ಇರುವ ಷರತ್ತು ಒಂದು: ಅರ್ಜಿದಾರ ಭಾರತೀಯ ಪೌರನಾಗಿರಬೇಕು. ಎರಡನೆಯದು, ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು. ಬಹುಪಾಲು ಕುಟುಂಬಗಳು ಓದದೆಯೇ ದಾಟುವ ಈ ಎರಡು ಸಾಲುಗಳಲ್ಲೇ ಕ್ಯಾಂಪ್‌ನ ಕುಟುಂಬಗಳು ಸಿಕ್ಕಿಬೀಳುತ್ತವೆ.

ಹುಟ್ಟಿದ ದಿನಾಂಕದ ಮಹತ್ವ

1964ರ ಕೋಮುಗಲಭೆಗಳ ನಂತರ ಪೂರ್ವ ಪಾಕಿಸ್ತಾನದಿಂದ ಭಾರಿ ಸಂಖ್ಯೆಯಲ್ಲಿ ಹಿಂದೂ ಕುಟುಂಬಗಳು ಭಾರತಕ್ಕೆ ಬಂದವು. ಪಶ್ಚಿಮ ಬಂಗಾಳದಲ್ಲಿ ಸ್ಥಳ ಸಾಲದೆ ಅವರನ್ನು ಒಡಿಶಾ ಹಾಗೂ ಮಧ್ಯಪ್ರದೇಶದ ದಂಡಕಾರಣ್ಯಕ್ಕೆ, ಇತರ ರಾಜ್ಯಗಳಿಗೆ ಕಳುಹಿಸಲಾಯಿತು. 1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭದಲ್ಲಿ ಒಂದು ಪಾಲು ಸಿಂಧನೂರಿಗೂ ಬಂತು. ಹೀಗೆ ಸರ್ಕಾರದ ಪಟ್ಟಿಯಲ್ಲೇ ಬಂದು ಜಮೀನು ಪಡೆದವರ ಸ್ಥಿತಿ ಒಂದು; ಆನಂತರ ಬಂಧುಗಳನ್ನು ಅರಸಿ, ದಾಖಲೆಗಳಿಲ್ಲದೆ ಬಂದು ಸೇರಿಕೊಂಡವರ ಸ್ಥಿತಿ ಬೇರೆ. ಹೊರಗಿನವರಿಗೆ ಎಲ್ಲರೂ ‘ಕ್ಯಾಂಪಿನ ಬಂಗಾಳಿಗಳು’. ಕಾನೂನಿಗೆ ಹಾಗಲ್ಲ.

1955ರ ಪೌರತ್ವ ಕಾಯ್ದೆ ಹಲವು ತಿದ್ದುಪಡಿಗಳನ್ನು ಕಂಡಿದೆ. ಅದರ ಫಲವಾಗಿ ಈ ನೆಲದಲ್ಲಿ ಹುಟ್ಟಿದ ಮಗುವಿನ ಪೌರತ್ವ ಅದು ಹುಟ್ಟಿದ ದಿನಾಂಕವನ್ನು ಅವಲಂಬಿಸಿದೆ. 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದವರು ಹೆತ್ತವರು ಯಾರೇ ಆಗಿರಲಿ ಪೌರರು. ಆ ದಿನದಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ತಂದೆ 1978ರಲ್ಲಿ ಕ್ಯಾಂಪ್‌ನಲ್ಲೇ ಹುಟ್ಟಿದವರು. ಆದ್ದರಿಂದ ಜನನದಿಂದಲೇ ಪೌರರು. ತಾಯಿ 1990ರ ದಶಕದಲ್ಲಿ ಗಡಿಯಾಚೆಯಿಂದ ದಾಖಲೆಯಿಲ್ಲದೆ ಬಂದವರು. ಈ ದಂಪತಿಗೆ 2003ರಲ್ಲಿ ಹುಟ್ಟಿದ ಮಗಳ ಪೌರತ್ವಕ್ಕೆ ತೊಡಕಿಲ್ಲ. 2007ರಲ್ಲಿ ಹುಟ್ಟಿದ ಮಗನ ಪೌರತ್ವ ಪ್ರಶ್ನೆಗೆ ಒಳಗಾಗುತ್ತದೆ. ಒಂದೇ ಮನೆ, ಒಂದೇ ಸರ್ಕಾರಿ ಶಾಲೆ, ಒಂದೇ ಕನ್ನಡ ಮಾಧ್ಯಮ. ಅಕ್ಕನಿಗೆ ತೆರೆದ ಬಾಗಿಲು ತಮ್ಮನಿಗೆ ಮುಚ್ಚಿರಬಹುದು. ಈ ವರ್ಷಗಳಲ್ಲಿ ಪದವಿಯ ಹೊಸ್ತಿಲಲ್ಲಿ ನಿಂತಿರುವ ಮಕ್ಕಳೆಲ್ಲರೂ 2004ರ ನಂತರ ಹುಟ್ಟಿದವರು, ಅಂದರೆ ಅತ್ಯಂತ ಬಿಗಿಯಾದ ನಿಯಮಕ್ಕೆ ಒಳಪಟ್ಟವರು ಎಂಬುದು ಗಮನಾರ್ಹ.

ಆಧಾರ್ ಚೀಟಿ ಇದ್ದರೆ ಸಾಲದೇ ಎಂದು ಕೇಳಬಹುದು. ಆಧಾರ್ ಪೌರತ್ವದ ಪುರಾವೆಯಲ್ಲ ಎಂಬುದನ್ನು ಆ ಕಾಯ್ದೆಯೇ ಹೇಳುತ್ತದೆ. ಬ್ಯಾಂಕ್ ಖಾತೆ ತೆರೆಯಲು ಅದು ಸಾಕು. ಹೀಗಾಗಿ ಕೆಲವು ಅರ್ಜಿಗಳು ಯಾವ ಪ್ರಶ್ನೆಯೂ ಇಲ್ಲದೆ ಸಾಗಿಹೋಗಬಹುದು. ಪಾಸ್‌ಪೋರ್ಟ್, ಸರ್ಕಾರಿ ನೌಕರಿ, ಪೊಲೀಸ್ ಪರಿಶೀಲನೆಗಳು ಬಂದಾಗ ಪ್ರಶ್ನೆ ಮತ್ತೆ ತಲೆ ಎತ್ತುತ್ತದೆ. ಸಾಲ ಪಡೆದು ಓದಿ, ಆ ಸಾಲ ತೀರಿಸಬಲ್ಲ ಕೆಲಸಕ್ಕೆ ಸೇರುವಾಗ ತಡೆ ಬಿದ್ದರೆ ಸಾಲ ಸಿಗದಿರುವುದಕ್ಕಿಂತ ದೊಡ್ಡ ಸಂಕಟ.

ಪೌರತ್ವ ತಿದ್ದುಪಡಿ ಕಾಯ್ದೆ 2019ರಲ್ಲಿ ಅಂಗೀಕಾರವಾಗಿ, ಅದರ ನಿಯಮಗಳು 2024ರ ಮಾರ್ಚ್ 11ರಂದು ಹೊರಬಿದ್ದವು. 2014ರ ಡಿಸೆಂಬರ್ 31ರೊಳಗೆ ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ ಬಂದ, ಮುಸ್ಲಿಮರನ್ನು ಹೊರತುಪಡಿಸಿ ಆರು ಸಮುದಾಯದವರು ಅರ್ಜಿ ಸಲ್ಲಿಸಬಹುದು. ಧರ್ಮದ ಆಧಾರದ ಈ ವಿಂಗಡಣೆ ಸಂವಿಧಾನಬದ್ಧವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದೆ. ಆ ವಾದ ಏನೇ ಇರಲಿ, 2024ರಲ್ಲಿ ಸಿಂಧನೂರಿನ ಕ್ಯಾಂಪ್‌ಗಳ ಕೆಲವರಿಗೆ ಈ ಕಾಯ್ದೆಯಡಿ ಪೌರತ್ವ ದೊರೆತದ್ದು ರಾಜ್ಯದಲ್ಲಿ ಸುದ್ದಿಯಾಯಿತು. ಶಿಕ್ಷಣದ ದೃಷ್ಟಿಯಿಂದ ಮುಖ್ಯವಾದ ಅಂಶವೆಂದರೆ, ಪ್ರಮಾಣಪತ್ರ ಪಡೆದವರನ್ನು ಭಾರತ ಪ್ರವೇಶಿಸಿದ ದಿನದಿಂದಲೇ ಪೌರರೆಂದು ಪರಿಗಣಿಸಲಾಗುತ್ತದೆ. ಮೇಲಿನ ಉದಾಹರಣೆಯ ತಾಯಿಗೆ ಪ್ರಮಾಣಪತ್ರ ಸಿಕ್ಕರೆ ಮಗನ ತೊಡಕೂ ನಿವಾರಣೆಯಾಗುವ ದಾರಿಯಿದೆ. ಮಗನ ಎಂಜಿನಿಯರಿಂಗ್ ಸೀಟಿನ ಮೊದಲ ಅರ್ಜಿಯನ್ನು ಹೀಗೆ ತಾಯಿಯೇ ತುಂಬಬೇಕಾಗಿದೆ.

ಕೋಲ್ಕತ್ತದಲ್ಲಿ ಒಂದು, ಸಿಂಧನೂರಿನಲ್ಲಿ ಇನ್ನೊಂದು

ಕ್ಯಾಂಪ್‌ನ ಬಂಗಾಳಿಗಳಲ್ಲಿ ಬಹಳಷ್ಟು ಮಂದಿ ನಾಮಶೂದ್ರ ಸಮುದಾಯದವರು. ಪಶ್ಚಿಮ ಬಂಗಾಳದಲ್ಲಿ ಇದು ಪರಿಶಿಷ್ಟ ಜಾತಿ. ಒಡಿಶಾದಲ್ಲಿಯೂ ಹಾಗೆಯೇ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅದಿಲ್ಲ. ಉತ್ತರಾಖಂಡ, ಛತ್ತೀಸಗಢಗಳ ಪಟ್ಟಿಗಳಲ್ಲೂ ಇಲ್ಲ. ಸಂವಿಧಾನದ 341ನೇ ವಿಧಿಯ ಪ್ರಕಾರ ಪಟ್ಟಿ ರಾಜ್ಯವಾರು ಇರುವುದರಿಂದ, ಒಂದೇ ಶಿಬಿರದಿಂದ ಹೊರಟ ಇಬ್ಬರು ಅಣ್ಣತಮ್ಮಂದಿರಲ್ಲಿ ಮಲ್ಕಾನ್‌ಗಿರಿಗೆ ಹೋದವನ ಮೊಮ್ಮಗ ಪರಿಶಿಷ್ಟ, ಸಿಂಧನೂರಿಗೆ ಬಂದವನ ಮೊಮ್ಮಗ ಅಲ್ಲ. ಕ್ಯಾಂಪ್‌ಗಳ ಹಳೆಯ ಬೇಡಿಕೆಗಳಲ್ಲಿ ಇದೂ ಒಂದು. ಪಟ್ಟಿ ಬದಲಿಸುವ ಅಧಿಕಾರ ಸಂಸತ್ತಿನದು.

ಸಾಲದ ಲೇಖನದಲ್ಲಿ ಜಾತಿ ಪಟ್ಟಿಯ ಮಾತೇಕೆ? ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ದೊರೆಯುತ್ತವೆ. ಇವು ಹಿಂತಿರುಗಿಸಬೇಕಾಗಿಲ್ಲದ ಹಣ. ಈ ಪ್ರಮಾಣಪತ್ರ ಇಲ್ಲದವನಿಗೆ ಅದೇ ವೆಚ್ಚ ಸಾಲವಾಗಿ ಪರಿಣಮಿಸುತ್ತದೆ. ಒಬ್ಬನಿಗೆ ಸಹಾಯಧನವಾಗುವ ಮೊತ್ತ, ಅದೇ ಬಡತನದ, ಅದೇ ಜಾತಿಯ ಇನ್ನೊಬ್ಬನಿಗೆ ಹತ್ತು ವರ್ಷದ ಕಂತು. ರಾಜ್ಯದ ‘ಅರಿವು’ ಸಾಲ ಯೋಜನೆ ಸಿಇಟಿ ಮೂಲಕ ಆಯ್ಕೆಯಾದವರಿಗೆ ಶೇ 2ರ ಅಗ್ಗದ ದರದಲ್ಲಿ ನೆರವು ನೀಡಿದೆ. ಆದರೆ ಅದು ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಹಾಗೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಂತಹ ಸಂಸ್ಥೆಗಳ ಮೂಲಕ ಬರುವಂಥದ್ದು. ಅಲ್ಲಿಯೂ ವರ್ಗದ ಪ್ರಮಾಣಪತ್ರವೇ ಮೊದಲು. ಬಂಗಾಳಿ ಭಾಷಿಕರು ಇಲ್ಲಿ ಭಾಷಾ ಅಲ್ಪಸಂಖ್ಯಾತರು ನಿಜ, ಆದರೆ ನಿಗಮದ ಲೆಕ್ಕದಲ್ಲಿ ಬರುವುದು ಧಾರ್ಮಿಕ ಅಲ್ಪಸಂಖ್ಯಾತರು.

ಒಂದು ಬಾಗಿಲು ಮಾತ್ರ ಸ್ವಲ್ಪ ಸಲೀಸಾಗಿ ತೆರೆದಿದೆ. ಸಂವಿಧಾನದ 371ಜೆ ವಿಧಿಯಡಿ 2013ರಲ್ಲಿ ಹೊರಬಂದ ಆದೇಶದಂತೆ, ಅಂದಿನ ಹೈದರಾಬಾದ್ ಕರ್ನಾಟಕ, ಇಂದಿನ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಇಲ್ಲಿ ನೋಡುವುದು ಜಾತಿಯನ್ನಲ್ಲ, ಹುಟ್ಟು ಮತ್ತು ವಾಸವನ್ನು. ಹೀಗಾಗಿ ಕ್ಯಾಂಪ್‌ನಲ್ಲೇ ಹುಟ್ಟಿ ಬೆಳೆದವರಿಗೆ ಇದು ದೊಡ್ಡ ಆಸರೆ. ಸೀಟು ಸಿಗುತ್ತದೆ, ಶುಲ್ಕ ಉಳಿಯುತ್ತದೆ.

ಜಾಮೀನು ಎಂಬ ಗೋಡೆ

ಪೌರತ್ವದ ಪ್ರಶ್ನೆಯೇ ಇಲ್ಲದ ಕುಟುಂಬಗಳೂ, ಕ್ಯಾಂಪ್‌ನ ಸುತ್ತಲ ಕನ್ನಡದ ಹಳ್ಳಿಗಳ ರೈತರೂ ಎದುರಿಸುವ ತೊಂದರೆ ಇದು. ಸಾಲಕ್ಕೆ ಅಡಮಾನ ಬೇಕಾದಾಗ ರೈತನ ಬಳಿ ಇರುವುದು ಹೊಲ. ಸಾಲ ವಸೂಲಿಗಾಗಿ ನ್ಯಾಯಾಲಯಕ್ಕೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ನೀಡಿದ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ರಕ್ಷಣೆಗೆಂದೇ ಮಾಡಿದ ವಿನಾಯಿತಿ ಇದು. ಆದರೆ ಇದೇ ಕಾರಣಕ್ಕೆ ಬ್ಯಾಂಕಿಗೆ ನಾಲ್ಕು ಎಕರೆ ನೀರಾವರಿ ಗದ್ದೆಗಿಂತ ಪಟ್ಟಣದ ಒಂದು ನಿವೇಶನವೇ ಹೆಚ್ಚು ಪ್ರಿಯ. ಇನ್ನು ಪಹಣಿ ಅಜ್ಜನ ಹೆಸರಿನಲ್ಲೇ ಉಳಿದು, ಪೌತಿ ಖಾತೆ ಆಗದೆ, ಅಣ್ಣತಮ್ಮಂದಿರ ನಡುವೆ ಪಾಲೂ ಆಗದಿದ್ದರೆ ಆ ಜಮೀನು ಬ್ಯಾಂಕಿನ ಲೆಕ್ಕದಲ್ಲಿ ಇದ್ದೂ ಇಲ್ಲದಂತೆ.

ಅಡಮಾನ ಬೇಡದ ಸಣ್ಣ ಸಾಲದಲ್ಲೂ ತಂದೆ ಸಹ-ಸಾಲಗಾರ. ಎರಡು ಬೆಳೆ ಕೈಕೊಟ್ಟು ಬೆಳೆಸಾಲ ಬಾಕಿ ಉಳಿದಿದ್ದರೆ, ತಾಯಿಯ ಹೆಸರಿನಲ್ಲಿ ಮೈಕ್ರೋ ಫೈನಾನ್ಸ್ ಕಂತು ತಪ್ಪಿದ್ದರೆ, ಕಂಪ್ಯೂಟರ್ ಪರದೆಯಲ್ಲಿ ಅದು ಸಿಬಿಲ್ ಅಂಕವಾಗಿ ಮೂಡುತ್ತದೆ. ಹೊಲದ ಬರಗಾಲ ಮಗನ ಕಾಲೇಜಿಗೆ ತಟ್ಟುವುದು ಹೀಗೆ. 2023ರ ಮೇ ತಿಂಗಳಲ್ಲಿ ಕೇರಳ ಹೈಕೋರ್ಟ್, ವಿದ್ಯಾರ್ಥಿಯ ಸಿಬಿಲ್ ಅಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು, ವಿದ್ಯಾರ್ಥಿಗಳು ನಾಳಿನ ರಾಷ್ಟ್ರ ನಿರ್ಮಾಪಕರು ಎಂಬ ಅಭಿಪ್ರಾಯ ವ್ಯಕ್ತಪಡಿಸಿತು. ಮಾನವೀಯ ಮಾತು. ಶಾಖೆಯ ಕಿಟಕಿಗೆ ಅದು ತಲುಪಲು ಸಮಯ ಬೇಕು. ಬ್ಯಾಂಕುಗಳ ವಾದವನ್ನೂ ತಳ್ಳಿಹಾಕುವಂತಿಲ್ಲ: ಅಡಮಾನವಿಲ್ಲದ ಸಣ್ಣ ಸಾಲಗಳಲ್ಲೇ ವಸೂಲಾಗದ ಬಾಕಿ ಹೆಚ್ಚು ಎಂಬುದು ಅವುಗಳ ಹಳೆಯ ದೂರು.

ಬ್ಯಾಂಕ್ ಬಾಗಿಲು ಮುಚ್ಚಿದಾಗ ಕುಟುಂಬ ತಿರುಗುವುದು ಚಿನ್ನದ ಅಡವಿನತ್ತ, ದಲಾಲಿ ಅಂಗಡಿಯ ಮುಂಗಡದತ್ತ, ಮತ್ತೆ ಮೈಕ್ರೋ ಫೈನಾನ್ಸ್‌ನತ್ತ. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಓದುಗರಿಗೆ ನೆನಪಿರಬಹುದು. ವಾರದ ಕಂತಿನ ಸಾಲದಲ್ಲಿ ನಾಲ್ಕು ವರ್ಷದ ಪದವಿ ಓದಲಾಗದು.

ಬಡ್ಡಿಯ ಲೆಕ್ಕ

ಎಲ್ಲ ಬಾಗಿಲು ದಾಟಿದವನಿಗೆ ಸಾಲದ ಭಾರ ಎಷ್ಟು? ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ, ಒಟ್ಟು 4 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 10 ಎಂದು ಇಟ್ಟುಕೊಳ್ಳೋಣ. ಕೋರ್ಸ್ ಅವಧಿ ಹಾಗೂ ನಂತರದ ಒಂದು ವರ್ಷ ಸರಳ ಬಡ್ಡಿ ಲೆಕ್ಕ ಹಾಕಿದರೆ 1.40 ಲಕ್ಷ ಸೇರುತ್ತದೆ. ಮರುಪಾವತಿ ಶುರುವಾಗುವ ದಿನ ಬಾಕಿ 5.40 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,140 ರೂಪಾಯಿ. ಈ ಆರಂಭದ ಅವಧಿಯ ಬಡ್ಡಿಯನ್ನು ಸರ್ಕಾರ ಭರಿಸಿದರೆ ಕಂತು ಸುಮಾರು 5,290ಕ್ಕೆ ಇಳಿಯುತ್ತದೆ. ಹತ್ತು ವರ್ಷಗಳಲ್ಲಿ ಉಳಿತಾಯ 2.20 ಲಕ್ಷಕ್ಕೂ ಹೆಚ್ಚು.

ವಾರ್ಷಿಕ ಆದಾಯ 4.5 ಲಕ್ಷದೊಳಗಿನ ಕುಟುಂಬಗಳಿಗೆ ಈ ಬಡ್ಡಿ ಸಹಾಯಧನ 2009ರಿಂದ ಜಾರಿಯಲ್ಲಿದೆ. ಆದರೆ ತಾಂತ್ರಿಕ ಮತ್ತು ವೃತ್ತಿಪರ ಕೋರ್ಸ್‌ಗಳಿಗೆ ಮಾತ್ರ, ಅದೂ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ. ಬಿ.ಎ., ಬಿ.ಎಸ್ಸಿ. ಓದುವವರಿಗಿಲ್ಲ. 2024ರ ನವೆಂಬರ್ 6ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಡಮಾನವನ್ನೂ ಜಾಮೀನುದಾರರನ್ನೂ ಕೈಬಿಟ್ಟಿತು. 8 ಲಕ್ಷದೊಳಗಿನ ಆದಾಯದವರ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿಯಿದೆ. ಮೇಲೆ ವಿವರಿಸಿದ ಗೋಡೆಯನ್ನು ಇದು ನಿಜವಾಗಿಯೂ ಕೆಡವುತ್ತದೆ, ಆದರೆ ರಾಷ್ಟ್ರೀಯ ಶ್ರೇಯಾಂಕದ ಆಧಾರದಲ್ಲಿ ಆಯ್ದ ಸಂಸ್ಥೆಗಳ ಮುಂದೆ ಮಾತ್ರ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಪದವಿ ಕಾಲೇಜುಗಳು ಅಂತಹ ಶ್ರೇಯಾಂಕದಲ್ಲಿ ಸ್ಥಾನ ಪಡೆಯುವಂಥವಲ್ಲ. ಈಗಾಗಲೇ ದೂರ ಓಡಬಲ್ಲವನಿಗೆ ಯೋಜನೆ ಕುದುರೆ ಕೊಡುತ್ತದೆ. ನಡೆಯಲು ಚಪ್ಪಲಿ ಬೇಕಾದವನು ಕಾಯುತ್ತಲೇ ಇರುತ್ತಾನೆ.

ಘಾನಾ ಕಂಡ ದಾರಿ

ಜಾಮೀನಿನ ತೊಡಕು ಭಾರತದ್ದಷ್ಟೇ ಅಲ್ಲ. ವಿದ್ಯಾರ್ಥಿ ಸಾಲಕ್ಕೆಂದೇ ಸಂಸ್ಥೆ ಕಟ್ಟಿದ ಮೊದಲ ದೇಶಗಳಲ್ಲಿ ಒಂದಾದ ಕೊಲಂಬಿಯಾ 1950ರಿಂದಲೂ ಈ ಪ್ರಶ್ನೆಯನ್ನು ಎದುರಿಸಿದೆ. ಆಸ್ಟ್ರೇಲಿಯಾ 1989ರಲ್ಲಿ ಜಾಮೀನನ್ನೇ ಕೈಬಿಟ್ಟು, ಆದಾಯ ಒಂದು ಮಟ್ಟ ಮುಟ್ಟಿದ ಮೇಲೆ ತೆರಿಗೆಯೊಂದಿಗೆ ವಸೂಲಿ ಮಾಡುವ ಕ್ರಮ ತಂದಿತು. ಅದು ನಡೆಯಬೇಕಾದರೆ ದುಡಿಯುವವರ ಆದಾಯವೆಲ್ಲ ತೆರಿಗೆ ಇಲಾಖೆಯ ಕಣ್ಣಿಗೆ ಬೀಳಬೇಕು. ಹೆಚ್ಚಿನವರು ಅಸಂಘಟಿತ ವಲಯದಲ್ಲಿ ದುಡಿಯುವ ದೇಶಗಳಲ್ಲಿ ಅದು ಕಷ್ಟ.

ಘಾನಾದ ಅನುಭವ ನಮಗೆ ಹೆಚ್ಚು ಹತ್ತಿರ. ಅಲ್ಲಿ 1980ರ ದಶಕದ ಕೊನೆಯಲ್ಲಿ ಪಿಂಚಣಿ ನಿಧಿಯಿಂದ ವಿದ್ಯಾರ್ಥಿ ಸಾಲ ನೀಡತೊಡಗಿದರು. ಆ ನಿಧಿಗೆ ವಂತಿಗೆ ಕಟ್ಟುವ ನೌಕರರು ಜಾಮೀನು ನಿಲ್ಲಬೇಕಿತ್ತು. ಸಂಬಳದ ಕೆಲಸದಲ್ಲಿರುವ ಬಂಧುಗಳಿಲ್ಲದ ರೈತನ ಮಗನಿಗೆ ಜಾಮೀನುದಾರರನ್ನು ಹುಡುಕುವುದೇ ಒಂದು ಪದವಿಯಷ್ಟು ಶ್ರಮ. ಜಾಮೀನು ನಿಂತವರ ಪಿಂಚಣಿಯೂ ಸಾಲ ತೀರುವವರೆಗೆ ಸಿಕ್ಕಿಹಾಕಿಕೊಂಡಿತು. ಕೊನೆಗೆ 2022ರಲ್ಲಿ ಆ ದೇಶ ಜಾಮೀನುದಾರರ ಷರತ್ತನ್ನು ಕೈಬಿಟ್ಟು, ರಾಷ್ಟ್ರೀಯ ಗುರುತಿನ ಚೀಟಿಯನ್ನೇ ಆಧಾರವಾಗಿ ಒಪ್ಪಿತು. ಅಲ್ಲಿಯೂ ಜಾಮೀನು ಹೋದ ಜಾಗಕ್ಕೆ ಬಂದದ್ದು ಗುರುತಿನ ಕಾಗದ ಎಂಬುದನ್ನು ಮರೆಯಲಾಗದು. ಕಾಗದ ಇದ್ದವರಿಗೆ ಅದು ಬಿಡುಗಡೆ. ಇಲ್ಲದವರಿಗೆ ಇನ್ನೊಂದು ಗೋಡೆ.

ಕ್ಯಾಂಪ್‌ನಲ್ಲಿ ಈಗ ಆಗಬೇಕಾದದ್ದು

ಪರಿಶಿಷ್ಟ ಪಟ್ಟಿಯ ಬದಲಾವಣೆ ದೆಹಲಿಯ ಕೈಯಲ್ಲಿದೆ. ಅದಕ್ಕೆ ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಸ್ಥಳೀಯವಾಗಿಯೇ ಆಗಬಹುದಾದ ಕೆಲಸಗಳು ಕಡಿಮೆಯೇನಿಲ್ಲ. ಪೌರತ್ವದ ಅರ್ಜಿಗೆ ಹೆತ್ತವರೋ ಅಜ್ಜ ಅಜ್ಜಿಯರೋ ಆ ದೇಶದವರೆಂದು ತೋರಿಸುವ ದಾಖಲೆ ಬೇಕು. ಅಂತಹ ಹಳೆಯ ಪತ್ರಗಳು ಟ್ರಂಕಿನ ತಳದಲ್ಲಿ ಗೆದ್ದಲು ಹಿಡಿಯುವ ಮುನ್ನ ಹೊರಬರಬೇಕು. ಪೌತಿ ಖಾತೆ ತಹಶೀಲ್ದಾರ್ ಕಚೇರಿಯ ಮಟ್ಟದಲ್ಲೇ ಆಗುವಂಥದ್ದು. 371ಜೆ ಪ್ರಮಾಣಪತ್ರವನ್ನು ಸಿಇಟಿ ಫಲಿತಾಂಶದ ಗಡಿಬಿಡಿಯಲ್ಲಿ ಅಲ್ಲ, ಪಿಯುಸಿ ಮೊದಲ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಸಾಲದ ಅರ್ಜಿಯನ್ನು ಬಾಯಿಮಾತಿನಲ್ಲಿ ಕೇಳಿ ಹಿಂತಿರುಗುವ ಬದಲು ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕವೇ ಸಲ್ಲಿಸಿದರೆ ದಾಖಲೆ ಉಳಿಯುತ್ತದೆ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಬಹುದು. ಅದಕ್ಕೆ ಮೇಲಧಿಕಾರಿಯ ಒಪ್ಪಿಗೆ ಇತ್ತೇ ಎಂದು ವಿಚಾರಿಸಬಹುದು. ಮೊದಲು ಬ್ಯಾಂಕಿಗೆ ಲಿಖಿತ ದೂರು ನೀಡಿ, ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯವಸ್ಥೆಯ ಮೊರೆ ಹೋಗಬಹುದು. ‘ನಿಮಗೆ ಬರುವುದಿಲ್ಲ’ ಎಂಬ ಒಂದು ಮಾತಿಗೆ ಎಷ್ಟೋ ಅರ್ಜಿಗಳು ಹುಟ್ಟುವ ಮುನ್ನವೇ ಸಾಯುತ್ತವೆ. ಕೌಂಟರಿನ ಆಚೆ ಈಚೆ ಇಬ್ಬರೂ ಆ ಮಾತನ್ನು ನಿಯಮವೆಂದೇ ನಂಬಿರುತ್ತಾರೆ.

2024ರಲ್ಲಿ ಸಿಂಧನೂರಿಗೆ ರೈಲು ಬಂದಿದೆ. ಹುಬ್ಬಳ್ಳಿಯ ಕಾಲೇಜುಗಳು ಮೊದಲಿಗಿಂತ ಹತ್ತಿರವಾಗಿವೆ. ಟಿಕೆಟ್ ಕೊಳ್ಳಲು ಯಾವ ಪ್ರಮಾಣಪತ್ರವೂ ಬೇಕಿಲ್ಲ. ರೈಲಿನಿಂದ ಇಳಿದು ಪ್ರವೇಶ ಶುಲ್ಕದ ಕೌಂಟರ್ ತಲುಪುವ ಹೊತ್ತಿಗೆ ಎಷ್ಟು ಕಾಗದಗಳು ಕೈಯಲ್ಲಿವೆ ಎಂಬುದು ಮಾತ್ರ, ಈ ಊರಿನ ಮಟ್ಟಿಗೆ, ಅಜ್ಜ ಯಾವ ವರ್ಷ ಗಡಿ ದಾಟಿದ ಎಂಬುದರ ಮೇಲೆ ಇಂದಿಗೂ ನಿಂತಿದೆ.